ಎರಡು ಮೇಣದಬತ್ತಿಗಳ ಬೆಳಕಿನಲ್ಲಿ



ಪ್ರತಿವರ್ಷ ಮೇ 1ರಂದು ನಮ್ಮ ಧರ್ಮಸಭೆಯು ಕಾರ್ಮಿಕರ ಪಾಲಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. 1955ರ ಮೇ 1ರಂದು ರೋಮ್ ನಗರದ ಸಂತ ಪೇತ್ರರ ಚೌಕದಲ್ಲಿ ನೆರೆದಿದ್ದ ಕಾರ್ಮಿಕರ ಮುಂದೆ ಜಗದ್ಗುರು ಹನ್ನೆರಡನೆಯ ಪಿಯೂಸರು ಈ ಹಬ್ಬವನ್ನು ಘೋಷಿಸಿದರು. ಸಂತ ಜೋಸೆಫರ ಬಗ್ಗೆ ಒಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಅವರು ಆಡಿದ ಒಂದೇ ಒಂದು ಮಾತು ದಾಖಲಾಗಿಲ್ಲ. ಆದರೂ ಸಂತ ಮತ್ತಾಯರು ಅವರನ್ನು ನೀತಿವಂತರೆಂದು ಕರೆದರು. ಮಾತನಾಡದ ವ್ಯಕ್ತಿಗೆ ಈ ಹೆಸರು ಬಂದದ್ದು ಹೇಗೆ? ಅವರ ನಡೆಯನ್ನು ಕಂಡವರಿಂದ. ದೂರದ ಪ್ರಯಾಣ, ಕಷ್ಟದ ನಿರ್ಧಾರ, ಪ್ರತಿದಿನದ ದುಡಿಮೆ, ಇವುಗಳಲ್ಲಿ ಅವರ ಮನಸ್ಸಿನ ಮೌಲ್ಯಗಳು ಕಂಡುಬಂದವು.

ಮುಂದೆ ನಿಂತು ನಡೆಸುವವರನ್ನು ಹಿಂದೆ ಬರುವವರು ಯಾವ ಕಣ್ಣಿನಿಂದ ನೋಡುತ್ತಾರೆ? ನಾಯಕನ ಸ್ವಂತ ಮೌಲ್ಯಗಳು ಜನರ ಮನಸ್ಸಿನಲ್ಲಿ ಅವನ ಚಿತ್ರವನ್ನು ಹೇಗೆ ರೂಪಿಸುತ್ತವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಧರ್ಮಪ್ರಾಂತ್ಯದ ಮಡಿಲಲ್ಲೇ ಇರುವ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆಯನ್ನು ನೋಡಿದರೆ ಸಾಕು.

ಬೆಂಕಿಪುರದಲ್ಲಿ ಹೊತ್ತಿದ ಬೆಂಕಿ

ಭದ್ರಾ ನದಿಯ ದಡದ ಈ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಶಿವಮೊಗ್ಗದಿಂದ ಸುಮಾರು 18 ಕಿಲೋಮೀಟರ್ ದೂರ. ಸುತ್ತಲೂ ಮಲೆನಾಡಿನ ಕಾಡು, ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರು. ನಮ್ಮ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಆದ್ದರಿಂದ ಕಾಡಿನ ಸೌದೆಯನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರನ್ನು ಕರಗಿಸುವ ಯೋಜನೆ ಸಿದ್ಧವಾಯಿತು. ಅಮೆರಿಕದ ತಜ್ಞ ಚಾರ್ಲ್ಸ್ ಪೇಜ್ ಪೆರಿನ್ ಇದಕ್ಕೆ ಸಲಹೆ ನೀಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ, 1918ರಲ್ಲಿ ಕಾರ್ಖಾನೆಯ ಕೆಲಸಕ್ಕೆ ಚಾಲನೆ ಸಿಕ್ಕಿತು. ಕುಲುಮೆಯಿಂದ ಕಬ್ಬಿಣ ಹರಿದದ್ದು 1923ರಲ್ಲಿ.

ಆದರೆ ಕಾಲ ಕೆಟ್ಟದ್ದಾಗಿತ್ತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿಯಿತು. ಕಾರ್ಖಾನೆ ನಷ್ಟದಲ್ಲಿ ನಡೆಯಿತು. ಸಂಸ್ಥಾನದ ಬೊಕ್ಕಸಕ್ಕೆ ಇದೊಂದು ಬಿಳಿಯಾನೆ ಎಂಬ ಟೀಕೆ ಎದ್ದಿತು. ಆಗ ಸರ್ಕಾರವು ಮತ್ತೆ ವಿಶ್ವೇಶ್ವರಯ್ಯನವರನ್ನೇ ಕರೆಯಿತು. ಅವರು ದಿವಾನಗಿರಿಯನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಇಡೀ ಸಂಸ್ಥಾನವನ್ನು ಆಳಿದವರು ಈಗ ಒಂದು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬರಬೇಕು, ಅದೂ ಮುಳುಗುತ್ತಿರುವ ಕಾರ್ಖಾನೆಗೆ! ಅಧಿಕಾರದ ಅಂತಸ್ತನ್ನು ಲೆಕ್ಕ ಹಾಕುವವರಾಗಿದ್ದರೆ ಬರುತ್ತಿರಲಿಲ್ಲ. ಅವರು ಬಂದರು. 1923ರಿಂದ 1929ರವರೆಗೆ ಕಾರ್ಖಾನೆಯನ್ನು ನೋಡಿಕೊಂಡರು. ಖರ್ಚನ್ನು ಬಿಗಿ ಮಾಡಿದರು. ಹೊರದೇಶದ ತಜ್ಞರ ಜಾಗಕ್ಕೆ ನಮ್ಮ ನಾಡಿನ ಯುವಕರನ್ನು ತರಬೇತಿ ಕೊಟ್ಟು ತಂದರು. 1936ರ ಹೊತ್ತಿಗೆ ಅಲ್ಲಿ ಉಕ್ಕಿನ ಉತ್ಪಾದನೆಯೂ ಆರಂಭವಾಯಿತು.

ಆ ಕಾರ್ಖಾನೆಯ ಕೂಗು ಸಾವಿರಾರು ಮನೆಗಳ ಗಡಿಯಾರವಾಯಿತು. ಕರಾವಳಿಯಿಂದ, ತಮಿಳುನಾಡಿನಿಂದ, ಕೇರಳದಿಂದ ಕೆಲಸ ಹುಡುಕಿಕೊಂಡು ಬಂದವರಲ್ಲಿ ಕಥೋಲಿಕ ಕುಟುಂಬಗಳೂ ಇದ್ದವು. ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮಾತನಾಡುವವರು ಒಂದೇ ಬಲಿಪೀಠದ ಸುತ್ತ ಸೇರಿದರು. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಈ ಕಾರ್ಮಿಕ ಕುಟುಂಬಗಳ ಭಕ್ತಿ ಮತ್ತು ಬೆವರು ಅದರ ಬುನಾದಿಯಲ್ಲಿ ಇತ್ತು.

ಜನ ಏನನ್ನು ನೋಡಿದರು?

ವಿಶ್ವೇಶ್ವರಯ್ಯನವರನ್ನು ಕುರಿತ ಒಂದು ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿದ್ದೇವೆ. ರಾತ್ರಿ ಸರ್ಕಾರದ ಕೆಲಸ ಮಾಡುವಾಗ ಅವರು ಸರ್ಕಾರದ ಮೇಣದಬತ್ತಿಯನ್ನು ಹೊತ್ತಿಸುತ್ತಿದ್ದರಂತೆ. ಆ ಕೆಲಸ ಮುಗಿದು ಸ್ವಂತ ಪತ್ರ ಬರೆಯಲು ಕುಳಿತಾಗ ಅದನ್ನು ಆರಿಸಿ, ತಮ್ಮ ದುಡ್ಡಿನಿಂದ ಕೊಂಡ ಮತ್ತೊಂದು ಬತ್ತಿಯನ್ನು ಹಚ್ಚುತ್ತಿದ್ದರಂತೆ. ಹೀಗೆಯೇ ಇನ್ನೂ ಕೆಲವು ಕಥೆಗಳಿವೆ. ದಿವಾನ ಪದವಿಯನ್ನು ಒಪ್ಪುವ ಮುನ್ನ ಬಂಧುಬಳಗವನ್ನು ಊಟಕ್ಕೆ ಕರೆದು, ಯಾರೂ ಯಾವ ಶಿಫಾರಸಿಗೂ ನನ್ನ ಬಳಿ ಬರಬಾರದು, ಈ ಮಾತಿಗೆ ಒಪ್ಪಿದರೆ ಮಾತ್ರ ಪದವಿ ಸ್ವೀಕರಿಸುತ್ತೇನೆ ಎಂದು ಹೇಳಿದರಂತೆ. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋದವರು ಸ್ವಂತ ಕಾರಿನಲ್ಲಿ ಹಿಂತಿರುಗಿದರಂತೆ.

ಈ ಕಥೆಗಳೆಲ್ಲ ಹೇಳಿದ ಹಾಗೆಯೇ ನಡೆದವೇ? ಬಾಯಿಂದ ಬಾಯಿಗೆ ಬಂದ ಕಥೆಗಳು ಸ್ವಲ್ಪ ಬೆಳೆದೇ ಬರುತ್ತವೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಅಧಿಕಾರದಲ್ಲಿದ್ದ ನೂರಾರು ಜನರಿರುವಾಗ ಈ ಮೇಣದಬತ್ತಿಯ ಕಥೆ ಇವರನ್ನೇ ಹುಡುಕಿಕೊಂಡು ಬಂದದ್ದೇಕೆ? ಲಂಚಕೋರನೊಬ್ಬನ ಬಗ್ಗೆ ಇಂಥ ಕಥೆಯನ್ನು ಕಟ್ಟಿ ಹೇಳಿದ್ದರೆ ಕೇಳಿದವರು ನಕ್ಕುಬಿಡುತ್ತಿದ್ದರು. ಜನ ನಂಬಿದ್ದಾರೆಂದರೆ, ನಂಬುವುದಕ್ಕೆ ತಕ್ಕ ಬದುಕನ್ನು ಅವರು ಮೊದಲೇ ಕಂಡಿದ್ದರು.

ಅಂಥ ಬದುಕಿಗೆ ನಮ್ಮ ಭದ್ರಾವತಿಯೇ ಸಾಕ್ಷಿ. ಕಾರ್ಖಾನೆಗೆ ಸಲ್ಲಿಸಿದ ಸೇವೆಗಾಗಿ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಅದನ್ನು ಬಳಸಬೇಕೆಂದರು. ಹಾಗೆ 1940ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು, ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು. ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂಬುದು ಅದೇ. ಹಣವೂ ಬೇಡ, ಹೆಸರೂ ಬೇಡ ಎಂದವರ ಹೆಸರನ್ನೇ 1970ರ ದಶಕದಲ್ಲಿ ಭದ್ರಾವತಿಯ ಕಾರ್ಖಾನೆಗೆ ಇಡಲಾಯಿತು. ತನ್ನನ್ನು ತಗ್ಗಿಸಿಕೊಳ್ಳುವವನು ಮೇಲಕ್ಕೇರಿಸಲ್ಪಡುವನೆಂದು ಪ್ರಭುಯೇಸು ಬೋಧಿಸಿದ್ದನ್ನು ಇಲ್ಲಿ ನೆನೆಯದೆ ಇರಲಾದೀತೇ?

ಒಂದು ಅಂಶವನ್ನು ಗಮನಿಸಿ. ಮೌಲ್ಯಗಳು ಜನರಿಗೆ ಕಾಣಿಸುವುದು ನಾಯಕನಿಗೆ ಅದರಿಂದ ನಷ್ಟವಾಗುವಾಗ. ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡಲು ಖರ್ಚಿಲ್ಲ. ಸಂಬಳ ಬಿಡಲು, ಬಂಧುವಿಗೆ ಇಲ್ಲವೆನ್ನಲು, ಪದವಿಯಿಂದ ಇಳಿಯಲು ಖರ್ಚಿದೆ. ಆ ಖರ್ಚನ್ನು ಯಾರು ತೆರುತ್ತಾರೆಂಬುದನ್ನು ಜನ ಸುಮ್ಮನೆ ನೋಡುತ್ತಿರುತ್ತಾರೆ. ಕುಲುಮೆಯ ಮುಂದೆ ನಿಂತ ಕೂಲಿಕಾರ್ಮಿಕನಿಗೆ ಅರ್ಥಶಾಸ್ತ್ರ ತಿಳಿಯದಿರಬಹುದು, ಯಜಮಾನನ ಮನಸ್ಸು ತಿಳಿಯುತ್ತದೆ.

ವರದಾನ ಎಂಬ ಪದ

ಜನರನ್ನು ಸೆಳೆಯುವ ನಾಯಕರ ಬಗ್ಗೆ ಮಾತನಾಡುವಾಗ ಪತ್ರಿಕೆಗಳು ‘ಕರಿಸ್ಮಾ’ ಎಂಬ ಪದವನ್ನು ಬಳಸುತ್ತವೆ. ಈ ಪದದ ಮೂಲ ನಮ್ಮ ಪವಿತ್ರ ಗ್ರಂಥದಲ್ಲಿದೆ. ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ವರದಾನಗಳಿಗೆ ಬಳಸಿದ ಗ್ರೀಕ್ ಪದವದು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ (1864-1920) ಅದನ್ನು ಧರ್ಮಸಭೆಯ ಚರಿತ್ರಕಾರರಿಂದ ಎರವಲು ಪಡೆದು ನಾಯಕತ್ವದ ಅಧ್ಯಯನಕ್ಕೆ ತಂದರು. ಇಂಥ ನಾಯಕತ್ವವು ಹಿಂಬಾಲಕರು ಒಪ್ಪಿ ಮನ್ನಿಸುವವರೆಗೆ ಮಾತ್ರ ಬಾಳುತ್ತದೆ ಎಂಬುದು ಅವರ ಮುಖ್ಯ ಮಾತು. ಪೌಲರ ದೃಷ್ಟಿಯಲ್ಲಿಯೂ ವರದಾನ ಇರುವುದು ಪಡೆದವನ ಮೆರೆದಾಟಕ್ಕಲ್ಲ, ಸಮುದಾಯದ ಒಳಿತಿಗೆ. ಕುರ್ಚಿಯನ್ನು ಮೇಲಿನವರು ಕೊಡಬಹುದು, ಗೌರವವನ್ನು ಮಾತ್ರ ಕೆಳಗಿನವರೇ ಕೊಡಬೇಕು.

ಜಗದ್ಗುರು ಆರನೆಯ ಪೌಲರು 1975ರಲ್ಲಿ ಬರೆದ ಶುಭಸಂದೇಶ ಪ್ರಸಾರದ ಕುರಿತಾದ ಪ್ರಬೋಧನ ಪತ್ರದಲ್ಲಿ ಇದೇ ಸತ್ಯವನ್ನು ಬೇರೆ ಬಗೆಯಲ್ಲಿ ಹೇಳಿದ್ದಾರೆ. ಈ ಕಾಲದ ಮನುಷ್ಯ ಬೋಧಕರಿಗಿಂತ ಸಾಕ್ಷಿಗಳ ಮಾತಿಗೆ ಹೆಚ್ಚು ಕಿವಿಗೊಡುತ್ತಾನೆ ಎಂಬುದು ಅದರ ಭಾವ. ‘ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ’ ಎಂದು ನಮ್ಮ ಹಿರಿಯರು ಬಹಳ ಹಿಂದೆಯೇ ಹೇಳಿಬಿಟ್ಟಿದ್ದರು.

ಒಂದೇ ಮೌಲ್ಯ, ಎರಡು ನೋಟ

ಇಷ್ಟಕ್ಕೇ ನಿಲ್ಲಿಸಿದರೆ ಚರಿತ್ರೆಗೆ ನ್ಯಾಯ ಸಲ್ಲಿಸಿದಂತಾಗದು. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟದ್ದೇಕೆ? ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಹುದ್ದೆಗಳ ಬಹುಪಾಲು ಬ್ರಾಹ್ಮಣ ಸಮುದಾಯದವರಲ್ಲಿತ್ತು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯು ಇತರ ಸಮುದಾಯಗಳಿಗೂ ಪಾಲು ಬೇಕೆಂದು ದನಿಯೆತ್ತಿತು. ನಾಲ್ವಡಿಯವರು ಆ ಕೂಗನ್ನು ಆಲಿಸಿ, 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಅಳತೆಗೋಲಾಗಬೇಕು ಎಂಬುದು ವಿಶ್ವೇಶ್ವರಯ್ಯನವರ ದೃಢ ನಂಬಿಕೆ. ಈ ವಿಷಯದಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು, ಆ ವರ್ಷದ ಕೊನೆಗೆ ಅವರು ಪದವಿಯಿಂದ ಇಳಿದರು. ಸಮಿತಿಯ ವರದಿ 1919ರಲ್ಲಿ ಬಂತು, ಅದರ ಆಧಾರದ ಮೇಲೆ ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳ ಬಾಗಿಲು ತೆರೆಯಿತು.

ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯಲ್ಲಿ ಇಲ್ಲಿಯೂ ಕೊರತೆಯಿಲ್ಲ. ನಂಬಿದ್ದಕ್ಕಾಗಿ ಅಧಿಕಾರವನ್ನೇ ಬಿಟ್ಟರು. ಆದರೆ ತಲೆತಲಾಂತರದಿಂದ ಶಾಲೆಯ ಮೆಟ್ಟಿಲು ಹತ್ತದ ಮನೆಯವರಿಗೆ ‘ಅರ್ಹತೆ’ ಎಂಬ ಪದ ಹೇಗೆ ಕೇಳಿಸಿರಬೇಕು? ಓದಿದ ಮನೆಯಲ್ಲಿ ಬೆಳೆದವನಿಗೆ ಅದು ನ್ಯಾಯದ ತಕ್ಕಡಿ, ಓದಲು ಅವಕಾಶವೇ ಸಿಗದವನಿಗೆ ಮುಚ್ಚಿದ ಬಾಗಿಲು. ಒಂದೇ ಮೌಲ್ಯವನ್ನು ಒಬ್ಬರು ನಿಷ್ಠೆಯೆಂದು ಕಂಡರು, ಇನ್ನೊಬ್ಬರು ನಿರ್ಲಕ್ಷ್ಯವೆಂದು ಕಂಡರು. ಇಂದಿಗೂ ಈ ವಿಷಯದಲ್ಲಿ ಅವರನ್ನು ಮೆಚ್ಚುವವರೂ ಇದ್ದಾರೆ, ಟೀಕಿಸುವವರೂ ಇದ್ದಾರೆ. ಟೀಕೆಯಲ್ಲಿಯೂ ಸತ್ಯವಿದೆ.

ಇದರಿಂದ ನಾವು ಕಲಿಯಬೇಕಾದ ಪಾಠ ದೊಡ್ಡದು. ನಾಯಕನಾದವನಿಗೆ ಶುದ್ಧವಾದ ಕೈ ಬೇಕು, ಅದರ ಜೊತೆಗೆ ಆಲಿಸುವ ಕಿವಿಯೂ ಬೇಕು. ನನ್ನ ಮೌಲ್ಯ ನನ್ನ ಎದುರು ನಿಂತಿರುವ ಬಡವನಿಗೆ ಎಂಥದಾಗಿ ಕಾಣುತ್ತಿದೆ ಎಂದು ಅವನನ್ನೇ ಕೇಳಬೇಕು. ನಾಲ್ವಡಿಯವರು ಕೇಳಿದರು. ವಿಶ್ವೇಶ್ವರಯ್ಯನವರಲ್ಲಿ ಮೆಚ್ಚಬೇಕಾದ ಇನ್ನೊಂದು ಗುಣವೆಂದರೆ, ಮನಸ್ಸಿಗೆ ನೋವಾದರೂ ಅವರು ನಾಡಿನ ಮೇಲೆ ಮುನಿಸಿಕೊಂಡು ಕೂರಲಿಲ್ಲ. ಐದು ವರ್ಷಗಳೊಳಗೆ ಅದೇ ಮಹಾರಾಜರ ಸಂಸ್ಥಾನಕ್ಕಾಗಿ ಭದ್ರಾವತಿಗೆ ಬಂದರು. ಮಹಾರಾಜರೂ ಹಳೆಯ ಭಿನ್ನಾಭಿಪ್ರಾಯವನ್ನು ಕೈಬಿಟ್ಟರು. ನಮ್ಮ ಮನೆಗಳಲ್ಲಿ, ಸಂಘಸಂಸ್ಥೆಗಳಲ್ಲಿ ಒಮ್ಮೆ ಮಾತು ಮುರಿದರೆ ಮುಖ ನೋಡದೆ ವರ್ಷಗಳನ್ನು ಕಳೆಯುವ ನಮಗೆ ಇದು ಚಿಂತನೆಗೆ ಗ್ರಾಸವಲ್ಲವೇ?

ವಿಚಾರ ಬೇರೆ, ಗೌರವ ಒಂದೇ

1927ರಲ್ಲಿ ಮಹಾತ್ಮ ಗಾಂಧೀಜಿಯವರು ಮೈಸೂರು ಸಂಸ್ಥಾನದಲ್ಲಿ ಪ್ರವಾಸ ಮಾಡುವಾಗ ಭದ್ರಾವತಿಯ ಕಾರ್ಖಾನೆಯನ್ನೂ ಕಂಡರು. ಗಾಂಧೀಜಿ ಚರಕ ಹಿಡಿದವರು, ವಿಶ್ವೇಶ್ವರಯ್ಯನವರು ದೊಡ್ಡ ಕೈಗಾರಿಕೆಯಿಲ್ಲದೆ ದೇಶಕ್ಕೆ ಉಳಿವಿಲ್ಲವೆಂದವರು. ಇಬ್ಬರ ದಾರಿಯೂ ಉತ್ತರ ದಕ್ಷಿಣ. ಆದರೂ ಒಬ್ಬರನ್ನೊಬ್ಬರು ಗೌರವಿಸಿದರು. ಇಬ್ಬರೂ ತಮಗಾಗಿ ಏನನ್ನೂ ಕೂಡಿಡದೆ ದುಡಿಯುತ್ತಿದ್ದರು. ಅದನ್ನು ಪರಸ್ಪರ ಗುರುತಿಸಲು ವಿಚಾರಭೇದ ಅವರಿಗೆ ಅಡ್ಡಿಯಾಗಲಿಲ್ಲ.

ಶಿವಮೊಗ್ಗ ನಗರದಲ್ಲಿ ಗೋಪಾಲಗೌಡ ಬಡಾವಣೆ ಇದೆ. ಆ ಹೆಸರಿನವರು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿ ರೈತರ ಪರವಾಗಿ ನಿಂತವರು. 1952, 1962 ಮತ್ತು 1967ರಲ್ಲಿ ಶಾಸಕರಾಗಿ ಗೆದ್ದವರು. 1972ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಅವರು ಆಸ್ತಿ ಮಾಡಿಕೊಂಡವರಲ್ಲ. ದಿವಾನರ ರಾಜನಿಷ್ಠೆಗೂ ಇವರ ಸಮಾಜವಾದಕ್ಕೂ ಸಂಬಂಧವಿಲ್ಲ. ಆದರೂ ನಮ್ಮ ಜಿಲ್ಲೆಯ ಜನ ಇಬ್ಬರ ಹೆಸರನ್ನೂ ಒಂದೇ ಬಗೆಯ ಗೌರವದಿಂದ ಹೇಳುತ್ತಾರೆ. ಪಕ್ಷ, ಸಿದ್ಧಾಂತಗಳನ್ನು ದಾಟಿ ಜನ ಕೊನೆಗೆ ನೋಡುವುದು, ಅಧಿಕಾರ ಸಿಕ್ಕಾಗ ಈ ಮನುಷ್ಯ ತನಗಾಗಿ ಏನು ಮಾಡಿಕೊಂಡ ಎಂಬುದನ್ನು.

ನಮ್ಮ ಧರ್ಮಸಭೆಯಲ್ಲಿಯೂ ಇಂಥ ಉದಾಹರಣೆಯನ್ನು ಕಣ್ಣಾರೆ ಕಂಡಿದ್ದೇವೆ. 2013ರ ಮಾರ್ಚಿನಲ್ಲಿ ಜಗದ್ಗುರುಗಳಾಗಿ ಆಯ್ಕೆಯಾದ ಮರುದಿನ ಪೋಪ್ ಫ್ರಾನ್ಸಿಸರು ತಾವು ಮೊದಲು ಉಳಿದುಕೊಂಡಿದ್ದ ವಸತಿಗೃಹಕ್ಕೆ ಹೋಗಿ ತಮ್ಮ ಬಾಕಿ ಹಣವನ್ನು ತಾವೇ ಕಟ್ಟಿದರು. ಅರಮನೆಯ ನಿವಾಸವನ್ನು ಬಿಟ್ಟು ಸಾಂತಾ ಮಾರ್ತಾ ಅತಿಥಿಗೃಹದಲ್ಲೇ ವಾಸಿಸಿದರು. 2025ರ ಏಪ್ರಿಲಿನಲ್ಲಿ ಅವರು ನಿಧನರಾದಾಗ ಅನ್ಯಧರ್ಮದ ಸಾವಿರಾರು ಮಂದಿ ಕಂಬನಿ ಮಿಡಿದರು. ಅವರ ವಿಶ್ವಪತ್ರಗಳನ್ನು ಓದಿದವರು ಅವರಲ್ಲಿ ಎಷ್ಟು ಮಂದಿ? ಆದರೆ ಬಿಲ್ಲು ಕಟ್ಟಿದ ಪೋಪರನ್ನು ಎಲ್ಲರೂ ಬಲ್ಲರು. ಅದು ಅವರ ಮೇಣದಬತ್ತಿ.

ಸಮುವೇಲನ ಲೆಕ್ಕ

ಹಳೆಯ ಒಡಂಬಡಿಕೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಘಟನೆಯಿದೆ. ಮುಪ್ಪಿನವನಾದ ಸಮುವೇಲನು ಅಧಿಕಾರವನ್ನು ಅರಸನಿಗೆ ಒಪ್ಪಿಸುವ ಮುನ್ನ ಇಸ್ರಯೇಲ್ ಜನರನ್ನೆಲ್ಲ ಕೂಡಿಸುತ್ತಾನೆ. ನಾನು ಯಾರ ಎತ್ತನ್ನು, ಯಾರ ಕತ್ತೆಯನ್ನು ಕಿತ್ತುಕೊಂಡಿದ್ದೇನೆ, ಯಾರಿಂದ ಲಂಚ ಪಡೆದಿದ್ದೇನೆ, ಇದ್ದರೆ ಹೇಳಿ, ಹಿಂದಿರುಗಿಸುತ್ತೇನೆ ಎಂದು ಕೇಳುತ್ತಾನೆ. ಜನರು, ನೀನು ನಮಗೆ ಮೋಸ ಮಾಡಿಲ್ಲ ಎಂದು ಒಕ್ಕೊರಲಿನಿಂದ ಸಾಕ್ಷಿ ನುಡಿಯುತ್ತಾರೆ. ನಾಯಕ ತನ್ನನ್ನು ತಾನು ಹೊಗಳಿಕೊಳ್ಳದೆ, ತೀರ್ಪನ್ನು ಜನರ ಕೈಗೇ ಕೊಡುವ ದೃಶ್ಯವಿದು. ಪ್ರಭುಯೇಸು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೊನೆಯ ಭೋಜನದ ರಾತ್ರಿ ಸೊಂಟಕ್ಕೆ ಅಂಗವಸ್ತ್ರ ಕಟ್ಟಿ ಶಿಷ್ಯರ ಪಾದಗಳನ್ನು ತೊಳೆದರು. ಅಲ್ಲಿಯವರೆಗೆ ಯಾರು ದೊಡ್ಡವರೆಂದು ವಾದಿಸುತ್ತಿದ್ದ ಶಿಷ್ಯರಿಗೆ ನಾಯಕತ್ವದ ಅರ್ಥ ಆ ನೀರಿನ ಬೋಗುಣಿಯಲ್ಲಿ ಕಾಣಿಸಿತು.

ಹಿಂಬಾಲಿಸುವ ನಮಗೂ ಒಂದು ಹೊಣೆಯಿದೆ. ಇಂದಿನ ದಿನಗಳಲ್ಲಿ ಸರಳತೆಯನ್ನೂ ಫೋಟೋ ತೆಗೆಸಿ ಪ್ರಚಾರ ಮಾಡುವವರಿದ್ದಾರೆ. ಸುಣ್ಣ ಬಳಿದ ಸಮಾಧಿಗಳ ಬಗ್ಗೆ ಪ್ರಭು ಎಚ್ಚರಿಸಿದ್ದು ಇದಕ್ಕೇ. ಒಂದು ದಿನದ ದೃಶ್ಯವನ್ನು ನೋಡಿ ಮರುಳಾಗದೆ, ಫಲವನ್ನು ನೋಡಿ ಮರವನ್ನು ಗುರುತಿಸಬೇಕು. ಫಲ ಬರಲು ಕಾಲ ಬೇಕು. ನಮ್ಮ ಜಾತಿಯವನು, ನಮ್ಮ ಭಾಷೆಯವನು ಎಂಬ ಕಾರಣಕ್ಕೆ ತಪ್ಪನ್ನು ಮನ್ನಿಸಿ ಬೆಂಬಲಿಸಿದರೆ ಆ ತಪ್ಪಿನಲ್ಲಿ ನಮಗೂ ಪಾಲುಂಟು. ಹಾಗೆಯೇ, ಪ್ರಾಮಾಣಿಕನಾದವನ ಸಣ್ಣ ಕುಂದನ್ನೇ ದೊಡ್ಡದು ಮಾಡಿ ಅವನ ಕೈಕಟ್ಟುವುದೂ ತಪ್ಪು.

ಮನೆಯ ಬೆಳಕು

ನಾಯಕರೆಂದರೆ ದಿವಾನರು, ಶಾಸಕರು, ಧರ್ಮಗುರುಗಳು ಮಾತ್ರವಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಯ ಸದಸ್ಯರು, ಕಿರು ಕ್ರೈಸ್ತ ಸಮುದಾಯದ ಮುಂದಾಳು, ಹಬ್ಬದ ಚಂದಾ ಪುಸ್ತಕ ಹಿಡಿದವರು, ಶಾಲೆಯ ಶಿಕ್ಷಕಿ, ಎಲ್ಲರೂ ನಾಯಕರೇ. ಎಲ್ಲಕ್ಕಿಂತ ಮಿಗಿಲಾಗಿ, ತಂದೆತಾಯಿಯರು ನಾಯಕರು. ಅಂಗಡಿಯವನು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಅಪ್ಪ ಹಿಂದಿರುಗಿಸುತ್ತಾರೋ ಜೇಬಿಗಿಳಿಸುತ್ತಾರೋ ಎಂದು ಮಗ ನೋಡುತ್ತಾನೆ. ಮನೆಗೆಲಸದಾಕೆಯೊಡನೆ ಅಮ್ಮ ಹೇಗೆ ಮಾತನಾಡುತ್ತಾರೆಂದು ಮಗಳು ಕೇಳಿಸಿಕೊಳ್ಳುತ್ತಾಳೆ. ಸಂಜೆಯ ಜಪಸರದಲ್ಲಿ ಮಕ್ಕಳು ನಮ್ಮ ಪ್ರಾರ್ಥನೆಯನ್ನು ಎಷ್ಟು ನಂಬುತ್ತಾರೆಂಬುದು ಹಗಲಿನಲ್ಲಿ ಅವರು ಕಂಡದ್ದರ ಮೇಲೆ ನಿಂತಿದೆ. ನಜರೇತಿನ ಬಡಗಿಯ ಮನೆಯಲ್ಲಿ ಬಾಲಯೇಸು ಬೆಳೆದದ್ದು ಉಪದೇಶ ಕೇಳಿ ಮಾತ್ರವಲ್ಲ, ಜೋಸೆಫರ ಕೈಗಳ ದುಡಿಮೆಯನ್ನು ದಿನವೂ ನೋಡುತ್ತಲೇ.

ಭದ್ರಾವತಿಯ ಕಾರ್ಖಾನೆಯು ಮುಂದೆ ಕೇಂದ್ರದ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. ಅವರ ಹೊಟ್ಟೆಪಾಡಿನ ಆತಂಕ ನಮ್ಮ ಅನೇಕ ಕುಟುಂಬಗಳ ಆತಂಕವೂ ಹೌದು. ಕಾರ್ಖಾನೆ ಕಟ್ಟಿಸಿದವರು ಸಂಬಳ ಬಿಟ್ಟು ದುಡಿದರು. ಇಂದು ಅದರ ಭವಿಷ್ಯವನ್ನು ನಿರ್ಧರಿಸುವ ಸ್ಥಾನದಲ್ಲಿರುವವರನ್ನು ಮುಂದಿನ ತಲೆಮಾರು ಯಾವ ಕಥೆಯಿಂದ ನೆನೆಯುವುದು? ಲಾಭನಷ್ಟದ ಲೆಕ್ಕವನ್ನು ಮಾಡಲೇಬೇಕು. ಆ ಲೆಕ್ಕದ ಹಾಳೆಯಲ್ಲಿ ದುಡಿಯುವವನ ಮುಖವೂ ಕಾಣಲಿ ಎಂದು ಸಂತ ಜೋಸೆಫರ ಮೂಲಕ ಬೇಡೋಣ.

ಇದೇ 1955ರಲ್ಲಿ, ಕಾರ್ಮಿಕ ಸಂತ ಜೋಸೆಫರ ಹಬ್ಬ ಹುಟ್ಟಿದ ವರ್ಷವೇ, ವಿಶ್ವೇಶ್ವರಯ್ಯನವರಿಗೆ ಭಾರತರತ್ನ ದೊರೆಯಿತು. 1962ರ ಏಪ್ರಿಲ್ 14ರಂದು ನೂರು ವರ್ಷ ದಾಟಿದ ಆ ಹಿರಿಯ ಜೀವ ಕಣ್ಮುಚ್ಚಿತು. ಮೇ 1ರ ಹಬ್ಬದಂದು ನಾವು ದೇವಾಲಯದಲ್ಲಿ ಬತ್ತಿ ಹಚ್ಚುವಾಗ ಒಂದು ಕ್ಷಣ ನಿಂತು ನಮ್ಮನ್ನೇ ಕೇಳಿಕೊಳ್ಳೋಣ: ನನ್ನ ಕೈಗೆ ಒಪ್ಪಿಸಿದ ಸಮುದಾಯದ ಬತ್ತಿಯನ್ನು ನಾನು ಯಾರ ಕೆಲಸಕ್ಕೆ ಉರಿಸುತ್ತಿದ್ದೇನೆ? ನಮ್ಮ ಮನೆಯ ಮಕ್ಕಳು ಆ ಬೆಳಕಿನಲ್ಲೇ ನಮ್ಮನ್ನು ನೋಡುತ್ತಿದ್ದಾರೆ.

ಕಾರ್ಮಿಕರ ಪಾಲಕರಾದ ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ.